ಸ್ಟ್ಯಾಕ್ ಆಧಾರಿತ ಪುಟ್ಟ ಭಾಷೆ: ಒಂದು ಯಂತ್ರದಲ್ಲಿ 7, ಇನ್ನೊಂದರಲ್ಲಿ ಮೈನಸ್ 7

ಹಿಮ್ಮುಖಿ:

ಕೆಲವು ವಾರಗಳಿಂದ ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟುತ್ತಿದ್ದೇನೆ. ಫೋರ್ತ್ ಎಂಬ ಹಳೆಯ ಭಾಷೆಯ ಮಾದರಿಯದು: ಸಂಖ್ಯೆ ಬಂದರೆ ಅದು ಸ್ಟ್ಯಾಕಿನ (ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯುವ ರಾಶಿಯ) ಮೇಲೆ ಕೂರುತ್ತದೆ, ಪದ ಬಂದರೆ ಅದು ತನಗೆ ಬೇಕಾದುದನ್ನು ಮೇಲಿನಿಂದ ಎತ್ತಿಕೊಂಡು ಫಲಿತವನ್ನು ಅಲ್ಲಿಯೇ ಇಡುತ್ತದೆ. ಆವರಣ ಚಿಹ್ನೆಗಳಿಲ್ಲ, ಯಾವುದನ್ನು ಮೊದಲು ಗುಣಿಸಬೇಕೆಂಬ ನಿಯಮಗಳಿಲ್ಲ, ವ್ಯಾಕರಣವೆಂದರೆ ಪದಗಳ ನಡುವಿನ ಖಾಲಿ ಜಾಗ ಮಾತ್ರ. ಪೈಥಾನ್‌ನಲ್ಲಿ ಬರೆದ ಸುಮಾರು 400 ಸಾಲಿನ ಕಂಪೈಲರ್ ಇದನ್ನು ಓದಿ ಸಿ ಭಾಷೆಯ ಕಡತವೊಂದನ್ನು ಬರೆದುಕೊಡುತ್ತದೆ; ಮುಂದಿನದನ್ನು ಸಿ ಕಂಪೈಲರ್ ನೋಡಿಕೊಳ್ಳುತ್ತದೆ.

ಈಗ ತೊಂದರೆ ಏನೆಂದರೆ, ಈ ಕೆಳಗಿನ ಸಾಲು ನನ್ನ ಯಂತ್ರದಲ್ಲಿ 7 ಎಂದು ಮುದ್ರಿಸುತ್ತದೆ, ಸ್ನೇಹಿತರೊಬ್ಬರ ಯಂತ್ರದಲ್ಲಿ ಬೇರೆ ಸಿ ಕಂಪೈಲರ್ ಬಳಸಿದಾಗ ಮೈನಸ್ 7 ಎಂದು ಮುದ್ರಿಸುತ್ತದೆ:

10 3 ಕಳೆ ತೋರಿಸು

"ಕಳೆ" ಎಂಬ ಪದಕ್ಕೆ ನನ್ನ ಕಂಪೈಲರ್ ಬರೆಯುವ ಸಿ ಸಾಲು ಇಷ್ಟೇ (ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿಟ್ಟಿದ್ದೇನೆ):

ಇಡು(ತೆಗೆ() - ತೆಗೆ());

"ಕೂಡು", "ಗುಣಿಸು" ಎರಡೂ ಎಲ್ಲ ಕಡೆ ಸರಿಯಾಗಿಯೇ ನಡೆಯುತ್ತಿವೆ. ಯಾವ ಕಂಪೈಲರ್‌ನಲ್ಲಿ ದೋಷವಿದೆ ಎಂದು ಹೇಗೆ ಪತ್ತೆ ಮಾಡುವುದು?

ಮಿತಭಾಷಿ:

ಎರಡರಲ್ಲೂ ಇಲ್ಲ. ದೋಷ ನಿಮ್ಮ ಸಾಲಿನಲ್ಲಿದೆ.

ಕಬ್ಬಿಣದ ಕಡಲೆ:

ಮಿತಭಾಷಿಯವರು ಹೇಳಿದ್ದು ನಿಜ, ಆದರೆ ಅಷ್ಟರಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಮೈನಸ್ ಚಿಹ್ನೆಯ ಎಡಬಲಗಳಲ್ಲಿರುವ ಎರಡು ಫಂಕ್ಷನ್‌ಗಳಲ್ಲಿ ಯಾವುದನ್ನು ಮೊದಲು ಕರೆಯಬೇಕೆಂಬುದನ್ನು ಸಿ ಮಾನಕವು ಕಂಪೈಲರ್‌ನ ಇಷ್ಟಕ್ಕೆ ಬಿಟ್ಟಿದೆ. ಬಲಗಡೆಯದನ್ನು ಮೊದಲು ಕರೆದರೆ ಅದಕ್ಕೆ 3 ಸಿಗುತ್ತದೆ, ಎಡಗಡೆಗೆ 10 ಉಳಿಯುತ್ತದೆ, ಉತ್ತರ 7 ಬರುತ್ತದೆ. ಎಡಗಡೆಯದನ್ನು ಮೊದಲು ಕರೆದರೆ ಎಲ್ಲವೂ ತಿರುಗುಮುರುಗು. ಕೂಡುವಾಗ ಮತ್ತು ಗುಣಿಸುವಾಗ ಕ್ರಮ ಬದಲಾದರೂ ಉತ್ತರ ಬದಲಾಗದಿರುವುದರಿಂದ ದೋಷ ಅಲ್ಲಿ ಅಡಗಿ ಕುಳಿತಿದೆ. "ಭಾಗಿಸು", "ಶೇಷ", "ಕಿರಿದು" ಇವುಗಳನ್ನೂ ಒಮ್ಮೆ ಪರೀಕ್ಷಿಸಿ. ಅವೂ ಇದೇ ರೋಗದಿಂದ ನರಳುತ್ತಿರುತ್ತವೆ.

ಇನ್ನೊಂದು ಮಾತು. "ತೆಗೆ" ಎಂಬುದು ನಿಜವಾದ ಫಂಕ್ಷನ್ ಆಗಿರುವುದರಿಂದ ನೀವು ಅಲ್ಪದರಲ್ಲೇ ಪಾರಾಗಿದ್ದೀರಿ, ಏಕೆಂದರೆ ಎರಡು ಕರೆಗಳು ಒಂದರೊಳಗೊಂದು ಬೆರೆಯುವುದಿಲ್ಲ. ಅದನ್ನೇ ಮ್ಯಾಕ್ರೋ (ಬಳಸಿದಲ್ಲೆಲ್ಲ ತನ್ನ ಪಠ್ಯವನ್ನೇ ಅಂಟಿಸುವ ಸಂಕ್ಷೇಪ) ಆಗಿ ಬರೆದು ಒಂದೇ ಅಭಿವ್ಯಕ್ತಿಯಲ್ಲಿ ಸ್ಟ್ಯಾಕಿನ ತುದಿ ತೋರಿಸುವ ಪಾಯಿಂಟರನ್ನು ಎರಡು ಸಲ ಇಳಿಸಿದ್ದರೆ, ಮಾನಕದ ಪ್ರಕಾರ ಆ ಪ್ರೋಗ್ರಾಮಿಗೆ ಅರ್ಥವೇ ಇರುತ್ತಿರಲಿಲ್ಲ, ಮತ್ತು 7 ಅಥವಾ ಮೈನಸ್ 7 ಬಿಟ್ಟು ಮೂರನೆಯ ಉತ್ತರವೊಂದು ಬಂದರೂ ನೀವು ದೂರುವಂತಿರಲಿಲ್ಲ.

ಪರಿಹಾರ ಸರಳ. ಮೊದಲು ಒಂದು ಚರಕ್ಕೆ ತೆಗೆಯಿರಿ, ಮುಂದಿನ ವಾಕ್ಯದಲ್ಲಿ ಇನ್ನೊಂದು ಚರಕ್ಕೆ ತೆಗೆಯಿರಿ, ಆಮೇಲೆ ಕಳೆಯಿರಿ.

ಅಲ್ಪವಿರಾಮ:

ಎರಡು ಚರಗಳೇಕೆ? ಮೇಲಿನಿಂದ ಎರಡನೆಯ ಸ್ಥಾನದಲ್ಲಿರುವುದರಿಂದ ಮೇಲಿನದನ್ನು ಅಲ್ಲಿಯೇ ಕಳೆದು, ಪಾಯಿಂಟರನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು. ನಾನು ಬರೆದ ಇಂಥದೇ ಭಾಷೆಯಲ್ಲಿ ಹಾಗೆಯೇ ಮಾಡಿದ್ದೆ. ನಿಮಗೆ ಸಮಾಧಾನವಾಗುವುದಾದರೆ ಹೇಳುತ್ತೇನೆ, ಇದೇ ತಪ್ಪನ್ನು ನಾನೂ ಮಾಡಿ, ಎರಡು ರಾತ್ರಿ ಕೆಟ್ಟು, ಕೊನೆಗೆ "ಕಳೆ" ಪದಕ್ಕೆ ಮೊದಲು "ಅದಲುಬದಲು" ಸೇರಿಸಿ ಸರಿಪಡಿಸಿದೆನೆಂದು ಬೀಗಿದ್ದೆ. ಮುಂದಿನ ವಾರ ಕಂಪೈಲರ್ ಬದಲಾಯಿಸಿದಾಗ ಬೀಗಿದ್ದೆಲ್ಲ ಇಳಿಯಿತು.

ತಲೆಕೆಳಗು:

ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿರುವುದರಿಂದ ನಾನು ಬೇರೆಯದನ್ನು ಕೇಳುತ್ತೇನೆ. ಸಿ ಭಾಷೆಯ ಮೂಲಕ ಏಕೆ ಹೋಗಬೇಕು? ಕಂಪೈಲರ್ ಕಟ್ಟುವವರಿಗೆಂದೇ ಎಲ್‌ಎಲ್‌ವಿಎಂ ಇದೆ, ಬ್ರೌಸರ್‌ಗಳಲ್ಲಿ ಓಡುವ ವೆಬ್‌ಅಸೆಂಬ್ಲಿ ಇದೆ. ವೆಬ್‌ಅಸೆಂಬ್ಲಿಯಂತೂ ತಾನೇ ಒಂದು ಸ್ಟ್ಯಾಕ್ ಯಂತ್ರ, ಲೆಕ್ಕದ ಪದಗಳ ಮಟ್ಟಿಗೆ ಪದಕ್ಕೆ ಪದ ಇಟ್ಟರೆ ಮುಗಿಯಿತು. ಸಿ ಮೂಲಕ ಹೋಗುವುದೆಂದರೆ ಅದರ ಎಲ್ಲ ಹಳೆಯ ಸಾಲಗಳನ್ನೂ ಹೊತ್ತುಕೊಂಡಂತೆ; ಈ ಮೈನಸ್ 7 ಅದರ ಮೊದಲ ಕಂತು.

ಹಳೇ ಬೇರು:

ಸಾಲದ ಮಾತು ಒಪ್ಪುತ್ತೇನೆ, ಆದರೆ ಈ ದಾರಿಯಲ್ಲಿ ನಡೆದವರು ಕಡಿಮೆಯವರಲ್ಲ. ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ಸಿ++ ಮೊದಲಿಗೆ ಸಿಫ್ರಂಟ್ ಎಂಬ ಅನುವಾದಕದ ಮೂಲಕ ಸಿ ಆಗಿಯೇ ಹೊರಬರುತ್ತಿತ್ತು. ನಿಮ್ ಮತ್ತು ವಾಲಾ ಭಾಷೆಗಳು ಇಂದಿಗೂ ಸಿ ಬರೆಯುತ್ತವೆ. ಸ್ಕೀಮ್ ಭಾಷೆಯ ಚಿಕನ್ ಎಂಬ ಅನುಷ್ಠಾನವಂತೂ ಸಿ ಬರೆಯುವುದಷ್ಟೇ ಅಲ್ಲ, ಸಿ ಸ್ಟ್ಯಾಕನ್ನೇ ಹೊಸ ವಸ್ತುಗಳು ಹುಟ್ಟುವ ಜಾಗವಾಗಿ ಬಳಸಿಕೊಂಡು, ಅದು ತುಂಬಿದಾಗ ಬದುಕಿರುವವನ್ನು ಬೇರೆಡೆಗೆ ಸಾಗಿಸುತ್ತದೆ. ಕಲಿಯುವವರಿಗೆ ಸಿ ಕಡತದ ದೊಡ್ಡ ಲಾಭವೆಂದರೆ ಅದನ್ನು ತೆರೆದು ಓದಬಹುದು. ಇಲ್ಲಿ ಮೈನಸ್ 7ರ ಕಾರಣ ಒಂದೇ ಸಾಲಿನಲ್ಲಿ ಕಣ್ಣಿಗೆ ಬಿದ್ದದ್ದು ಅದರಿಂದಲೇ.

ತಲೆಕೆಳಗು:

ಕಣ್ಣಿಗೆ ಬಿದ್ದದ್ದು ಕಬ್ಬಿಣದ ಕಡಲೆಯವರಿಗೆ. ಬರೆದವರಿಗೆ ಬಿದ್ದಿರಲಿಲ್ಲ.

ಹಿಮ್ಮುಖಿ:

ಒಪ್ಪಿದೆ, ಬಿದ್ದಿರಲಿಲ್ಲ. ಎರಡು ಚರಗಳ ಪರಿಹಾರ ಹಾಕಿದೆ, ಈಗ ಎರಡೂ ಕಡೆ 7 ಬರುತ್ತಿದೆ. ಎಲ್ಲರಿಗೂ ಧನ್ಯವಾದ. ಆದರೆ ವೇಗ ನಿರಾಸೆ ತರಿಸುತ್ತಿದೆ. ಕೈಯಿಂದ ಬರೆದ ಸಿ ಲೂಪ್ ಕಣ್ಣು ಮಿಟುಕಿಸುವುದರೊಳಗೆ ಮುಗಿದರೆ ನನ್ನದು ತೆವಳುತ್ತದೆ. ಕಂಪೈಲರ್‌ಗೆ ಗರಿಷ್ಠ ಸುಧಾರಣೆ ಮಾಡೆಂದು ಹೇಳಿದರೂ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ.

ಕಬ್ಬಿಣದ ಕಡಲೆ:

ಕಾಣುವುದೂ ಇಲ್ಲ, ಏಕೆಂದರೆ ನೀವು ಪ್ರತಿಯೊಂದು ಬೆಲೆಯನ್ನೂ ಒಂದು ದೊಡ್ಡ ಅರೇಯೊಳಗೆ (ಮೆಮೊರಿಯಲ್ಲಿನ ಸಾಲುಮನೆಗಳೊಳಗೆ) ಹಾಕಿ, ಮರುಕ್ಷಣವೇ ಹೊರತೆಗೆಯುತ್ತಿದ್ದೀರಿ. ಆ ಅರೇ ಹಾಗೂ ಅದರ ಪಾಯಿಂಟರ್ ಎರಡೂ ಜಾಗತಿಕ ಚರಗಳಾಗಿದ್ದರೆ, ತನಗೆ ಒಳಗು ಕಾಣದ ಫಂಕ್ಷನ್ ಕರೆ ಬಂದಾಗಲೆಲ್ಲ ಸಿ ಕಂಪೈಲರ್ ಎಲ್ಲವನ್ನೂ ಮೆಮೊರಿಗೆ ಬರೆದು ಮತ್ತೆ ಓದಬೇಕಾಗುತ್ತದೆ. ನಿಮ್ಮ ತಲೆಯಲ್ಲಿರುವ ಸ್ಟ್ಯಾಕ್ ಎಂಬ ಚಿತ್ರ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಅರೇ ಮಾತ್ರ.

ನನ್ನ ಮಟ್ಟಿಗೆ ಇಂಥ ಭಾಷೆಯಲ್ಲಿ ಕಲಿಯಬೇಕಾದ ನಿಜವಾದ ಸಂಗತಿ ಇಲ್ಲಿಂದ ಶುರುವಾಗುತ್ತದೆ: ಸ್ಟ್ಯಾಕ್ ಇರಬೇಕಾದದ್ದು ನಿಮ್ಮ ಪೈಥಾನ್ ಕಂಪೈಲರ್‌ನಲ್ಲಿ, ಅದು ಹೊರಹಾಕುವ ಸಿ ಕಡತದಲ್ಲಿ ಅಲ್ಲ. ಕಂಪೈಲ್ ಮಾಡುವಾಗ ಸಂಖ್ಯೆಗಳ ಬದಲು ಸಿ ಚರಗಳ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಇಡುತ್ತ, ತೆಗೆಯುತ್ತ ಹೋಗಿ. ಒಂದು ಉದಾಹರಣೆ:

ಪದ ವರ್ಗ ( ಅ -- ಆ ) ನಕಲು ಗುಣಿಸು ಮುಗಿಯಿತು

ಆವರಣದೊಳಗಿರುವುದು ಒಂದು ಬೆಲೆ ತೆಗೆದುಕೊಂಡು ಒಂದು ಕೊಡುತ್ತದೆಂಬ ಟಿಪ್ಪಣಿ ಮಾತ್ರ. ಫಂಕ್ಷನ್ ಒಳಗೆ ಬರುವಾಗ ಪಟ್ಟಿಯಲ್ಲಿ "ಚ0" ಎಂಬ ಒಂದು ಹೆಸರಿದೆ. "ನಕಲು" ಬಂದಾಗ ಅದೇ ಹೆಸರನ್ನು ಇನ್ನೊಮ್ಮೆ ಪಟ್ಟಿಗೆ ಸೇರಿಸಿ. ಸಿ ಕಡತಕ್ಕೆ ಒಂದಕ್ಷರವನ್ನೂ ಬರೆಯಬೇಡಿ. "ಗುಣಿಸು" ಬಂದಾಗ ಎರಡು ಹೆಸರುಗಳನ್ನು ತೆಗೆದು, "ಚ1 = ಚ0 * ಚ0" ಎಂದು ಬರೆದು, "ಚ1" ಅನ್ನು ಪಟ್ಟಿಗೆ ಹಾಕಿ. ಕೊನೆಯಲ್ಲಿ ಉಳಿದದ್ದನ್ನು ಹಿಂದಿರುಗಿಸಿ. "ಅದಲುಬದಲು", "ಬಿಡು", "ಸುತ್ತು" ಮುಂತಾದ ಸ್ಟ್ಯಾಕ್ ಕಸರತ್ತಿನ ಪದಗಳೆಲ್ಲ ಹೀಗೆ ಕಂಪೈಲ್ ಸಮಯದಲ್ಲಿಯೇ ಕರಗಿಹೋಗುತ್ತವೆ, ಅವುಗಳಿಗೆ ತಗಲುವ ವೆಚ್ಚ ಸೊನ್ನೆ. ಒಂದೇ ಒಂದು ಷರತ್ತೆಂದರೆ, ಒಮ್ಮೆ ಬೆಲೆ ಕೊಟ್ಟ ಚರಕ್ಕೆ ಮತ್ತೆ ಬೆಲೆ ಕೊಡಕೂಡದು. ಕೊಟ್ಟರೆ ಅದರ ನಕಲುಗಳೂ ಬದಲಾಗಿಬಿಡುತ್ತವೆ.

ಇದರಿಂದ ಬರುವ ಇನ್ನೊಂದು ಲಾಭ: "ಕೂಡು" ಬಂದಾಗ ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ, ಪ್ರೋಗ್ರಾಮ್ ನಡೆಯುವ ಮೊದಲೇ ಸಾಲಿನ ಸಂಖ್ಯೆಯೊಡನೆ ದೋಷ ತೋರಿಸಬಹುದು.

ಅಲ್ಪವಿರಾಮ:

ಸ್ಟ್ಯಾಕ್ ಇಲ್ಲದ ಸ್ಟ್ಯಾಕ್ ಭಾಷೆ! ಹಾಗಾದರೆ ಅದನ್ನು ಸ್ಟ್ಯಾಕ್ ಭಾಷೆಯೆಂದು ಕರೆಯುವುದಾದರೂ ಏಕೆ? ಬರಿಯ ಹಿಂದುಮುಂದಾದ ಬರವಣಿಗೆ ಎಂದರೆ ಸಾಲದೇ?

ಕಬ್ಬಿಣದ ಕಡಲೆ:

ಬರೆಯುವವರಿಗೆ ಸ್ಟ್ಯಾಕ್ ಇದೆ, ನಡೆಸುವ ಯಂತ್ರಕ್ಕೆ ಇಲ್ಲ. ಜಾವಾ ಪ್ರೋಗ್ರಾಮುಗಳ ಮಧ್ಯಂತರ ರೂಪವಾದ ಬೈಟ್‌ಕೋಡ್ ಕೂಡ ಸ್ಟ್ಯಾಕ್ ಯಂತ್ರದ್ದೇ, ಆದರೂ ಅದನ್ನು ಓಡಿಸುವಾಗ ನಿಜವಾದ ಯಂತ್ರಸಂಕೇತಕ್ಕೆ ತಿರುಗಿಸುವ ಕಂಪೈಲರ್ ಬೆಲೆಗಳನ್ನು ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್‌ನೊಳಗಿನ ವೇಗದ ಪುಟ್ಟ ಜಾಗಗಳಲ್ಲಿ) ಇಡುತ್ತದೆ. ಅದನ್ನು ಯಾರೂ ಮೋಸವೆಂದು ಕರೆದಿಲ್ಲ.

ಹಿಮ್ಮುಖಿ:

ಚಿತ್ರ ಸ್ಪಷ್ಟವಾಯಿತು. ಆದರೆ ಕವಲುಗಳಲ್ಲಿ ಏನು ಮಾಡುವುದು? ಸಂಖ್ಯೆ ಋಣವಾಗಿದ್ದರೆ ಧನವಾಗಿಸುವ ಪದವನ್ನು ನಾನು ಹೀಗೆ ಬರೆದಿದ್ದೇನೆ:

ನಕಲು 0 ಕಿರಿದು ಆದರೆ ಋಣಿಸು ಸರಿ

ಒಂದು ಕವಲಿನಲ್ಲಿ ಮೇಲಿರುವುದು "ಚ2", ಇನ್ನೊಂದರಲ್ಲಿ "ಚ0". ಎರಡೂ ಸೇರಿದ ಮೇಲೆ ಪಟ್ಟಿಯಲ್ಲಿ ಯಾವ ಹೆಸರಿರಬೇಕು?

ಸೊನ್ನೆಯಿಂದ:

ಉತ್ತರ ಹೇಳುವ ಮೊದಲು ಒಂದು ಸಂತೋಷ ಹಂಚಿಕೊಳ್ಳಬೇಕು. ಇಂಗ್ಲಿಷಿನ ಪದಗಳಿರುವ ಫೋರ್ತ್ ಓದುವಾಗ "ಇಫ್" ಎಂಬುದು ಷರತ್ತಿನ ನಂತರ, "ದೆನ್" ಎಂಬುದು ಎಲ್ಲ ಮುಗಿದ ಮೇಲೆ ಬರುವುದು ನನಗೆ ಯಾವಾಗಲೂ ಕಸಿವಿಸಿ ಉಂಟುಮಾಡುತ್ತಿತ್ತು. ಇಲ್ಲಿ "0 ಕಿರಿದು ಆದರೆ" ಎಂಬುದು ನೇರವಾಗಿ ನಮ್ಮ ವಾಕ್ಯದಂತೆಯೇ ಓದಿಸಿಕೊಳ್ಳುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯವರಿಗೆ ಈ ಬರವಣಿಗೆ ತಲೆಕೆಳಗಾದದ್ದೇ ಅಲ್ಲ.

ತಲೆಕೆಳಗು:

ನನ್ನ ಹೆಸರನ್ನು ಎಳೆದು ತರಬೇಡಿ. ಮೇಲಾಗಿ, ಮೂರು ಸಾಲಿನವರೆಗೆ ಅದು ವಾಕ್ಯದಂತೆ ಓದಿಸಿಕೊಳ್ಳುತ್ತದೆ. ನಾಲ್ಕನೆಯ ಸಾಲಿನಲ್ಲಿ "ಸುತ್ತು ಸುತ್ತು ಅದಲುಬದಲು ಬಿಡು" ಬಂದಾಗ ಯಾವ ಭಾಷೆಯ ವ್ಯಾಕರಣವೂ ಕಾಪಾಡುವುದಿಲ್ಲ.

ಕಬ್ಬಿಣದ ಕಡಲೆ:

ಕವಲಿನ ಪ್ರಶ್ನೆಗೆ ಬರೋಣ. ಕವಲೊಡೆಯುವ ಮೊದಲೇ "ಚ3" ಎಂಬ ಹೊಸ ಚರವನ್ನು ಘೋಷಿಸಿ, ಮೊದಲ ಕವಲಿನ ಕೊನೆಯಲ್ಲಿ ಅದಕ್ಕೆ "ಚ2" ಅನ್ನೂ, ಎರಡನೆಯದರ ಕೊನೆಯಲ್ಲಿ "ಚ0" ಅನ್ನೂ ಕೊಡಿ. ಸೇರಿದ ಮೇಲೆ ಪಟ್ಟಿಯಲ್ಲಿ "ಚ3" ಇರಲಿ. ಒಂದೇ ಸಲ ಬೆಲೆ ಎಂಬ ನಿಯಮ ಮುರಿಯಿತಲ್ಲ ಎನ್ನಬೇಡಿ, ಯಾವುದೇ ಒಂದು ಓಟದಲ್ಲಿ ಒಂದೇ ಕವಲು ನಡೆಯುತ್ತದೆ. ಆದರೆ ಎರಡೂ ಕವಲುಗಳ ಕೊನೆಯಲ್ಲಿ ಪಟ್ಟಿಯ ಉದ್ದ ಸಮವಾಗಿರಲೇಬೇಕು, ಇಲ್ಲದಿದ್ದರೆ ಪ್ರೋಗ್ರಾಮನ್ನು ತಿರಸ್ಕರಿಸಿ. ಜಾವಾ ಬೈಟ್‌ಕೋಡ್ ಪರಿಶೀಲಕವೂ ವೆಬ್‌ಅಸೆಂಬ್ಲಿಯೂ ಇದೇ ಶಿಸ್ತನ್ನು ಹೇರುತ್ತವೆ.

ಹಳೇ ಬೇರು:

ಈ ಶಿಸ್ತಿಗೆ ಬಲಿಯಾಗುವ ಒಂದು ಒಳ್ಳೆಯ ಪದವಿದೆ. ಫೋರ್ತ್‌ನಲ್ಲಿ ಮೇಲಿರುವುದು ಸೊನ್ನೆಯಲ್ಲದಿದ್ದರೆ ಮಾತ್ರ ನಕಲು ಮಾಡುವ ಪದವೊಂದಿದೆ. "ನಕಲು" ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯುತ್ತಾರೆ. ಅದರ ನಂತರ ಸ್ಟ್ಯಾಕಿನ ಆಳ ಎಷ್ಟೆಂಬುದು ಓಡುವಾಗಲಷ್ಟೇ ತಿಳಿಯುತ್ತದೆ. ಅದನ್ನು ಬಳಸಿ ಲೂಪ್‌ಗಳನ್ನು ಎಷ್ಟು ಚಿಕ್ಕದಾಗಿ ಬರೆಯಬಹುದೆಂಬುದು ಬರೆದವರಿಗೇ ಗೊತ್ತು. ಪರಿಶೀಲಕನ ಅನುಕೂಲಕ್ಕಾಗಿ ಭಾಷೆಯ ರೆಕ್ಕೆ ಕತ್ತರಿಸುವುದು ನನಗೆ ಸರಿಕಾಣುವುದಿಲ್ಲ. ಫೋರ್ತ್ ಹುಟ್ಟಿದ್ದೇ ಬರೆಯುವವರನ್ನು ನಂಬುವ ಭಾಷೆಯಾಗಿ.

ಅಲ್ಪವಿರಾಮ:

ದೂರದರ್ಶಕಗಳನ್ನು ತಿರುಗಿಸಲೆಂದು ಹುಟ್ಟಿದ್ದು ಎಂದು ಕೇಳಿದ್ದೆ.

ಹಳೇ ಬೇರು:

ಅಲ್ಲಿ ಬೆಳೆಯಿತು ಎನ್ನುವುದು ಹೆಚ್ಚು ಸರಿ. ಚಾರ್ಲ್ಸ್ ಮೂರ್ ಅದರ ತುಣುಕುಗಳನ್ನು ಅದಕ್ಕೂ ಮೊದಲೇ ಕಟ್ಟಿಕೊಳ್ಳುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಿಟ್ ಪೀಕ್‌ನ ರೇಡಿಯೋ ದೂರದರ್ಶಕದಲ್ಲಿ ಅದು ನೆಲೆಯೂರಿತು. ನಾಲ್ಕನೆಯ ಪೀಳಿಗೆಯದೆಂಬ ಅರ್ಥದಲ್ಲಿ "ಫೋರ್ತ್" (Fourth) ಎಂದು ಇಂಗ್ಲಿಷಿನಲ್ಲಿ ಆರಕ್ಷರದ ಹೆಸರಿಡಬೇಕೆಂದಿದ್ದರು, ಆದರೆ ಐಬಿಎಂ 1130 ಯಂತ್ರ ಐದಕ್ಷರಕ್ಕಿಂತ ಹೆಚ್ಚಿನ ಹೆಸರನ್ನು ಒಪ್ಪದ ಕಾರಣ ಒಂದಕ್ಷರ (u) ಬಿದ್ದುಹೋಯಿತು.

ಕಬ್ಬಿಣದ ಕಡಲೆ:

ನಂಬಿಕೆಯ ಮಾತಿಗೆ ನನ್ನ ಉತ್ತರ ಇಷ್ಟೇ: ಆ ಪದದ ಒಳಿತು ಬೇಕಾದರೆ, ಅದನ್ನು "ಆದರೆ" ಜೊತೆ ಬೆಸೆದು ಒಂದೇ ರಚನೆಯಾಗಿ ಕೊಡಿ. ಸೊನ್ನೆಯಲ್ಲದಿದ್ದರೆ ಬೆಲೆ ಒಳಗಿನ ಕವಲಿಗೆ ಹೋಗುತ್ತದೆ, ಸೊನ್ನೆಯಾದರೆ ಬಿದ್ದುಹೋಗುತ್ತದೆ. ಎರಡೂ ಕವಲುಗಳ ಆಳ ಕಂಪೈಲರ್‌ಗೆ ಮೊದಲೇ ತಿಳಿದಿರುತ್ತದೆ. ರೆಕ್ಕೆಯೂ ಉಳಿಯಿತು.

ಹಳೇ ಬೇರು:

ಅರ್ಧ ರೆಕ್ಕೆ. ಇರಲಿ.

ಹಿಮ್ಮುಖಿ:

ಈ ಬೆಸುಗೆ ನನಗೆ ಹಿಡಿಸಿತು, ಹಾಗೆಯೇ ಮಾಡುತ್ತೇನೆ. ಲೂಪ್‌ನಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಸುತ್ತಿನ ಆರಂಭದಲ್ಲಿ ಪಟ್ಟಿಯಲ್ಲಿ "ಚ0", "ಚ1" ಇವೆ. ಲೂಪ್‌ನ ಒಳಗೆ "ಅದಲುಬದಲು" ಮಾತ್ರ ಇದ್ದರೆ ಕೊನೆಯಲ್ಲಿ "ಚ1", "ಚ0" ಆಗುತ್ತದೆ. ಹಾಗಾಗಿ ಸುತ್ತಿನ ಕೊನೆಯಲ್ಲಿ "ಚ0 = ಚ1" ಎಂದೂ ನಂತರ "ಚ1 = ಚ0" ಎಂದೂ ಬರೆದೆ. ಮೊದಲ ಸುತ್ತಿನಲ್ಲೇ ಎರಡೂ ಒಂದೇ ಆಗಿ ಕುಳಿತವು.

ಮಿತಭಾಷಿ:

ಮೊದಲ ವಾಕ್ಯ "ಚ0"ರ ಹಳೆಯ ಬೆಲೆಯನ್ನು ಅಳಿಸಿತು. ಎಲ್ಲವನ್ನೂ ಮೊದಲು ತಾತ್ಕಾಲಿಕ ಚರಗಳಿಗೆ ನಕಲಿಸಿ, ಆಮೇಲೆ ಹಿಂದಕ್ಕೆ ಹಾಕಿ. ಅನಗತ್ಯವಾದವನ್ನು ಸಿ ಕಂಪೈಲರ್ ತಾನೇ ಅಳಿಸುತ್ತದೆ.

ಕಬ್ಬಿಣದ ಕಡಲೆ:

ಮಿತಭಾಷಿಯವರು ಇಂದು ಮೂರು ವಾಕ್ಯ ಬರೆದಿದ್ದಾರೆ, ಆದ್ದರಿಂದ ವಿಷಯ ಗಂಭೀರವೆಂದು ತಿಳಿಯಬೇಕು. ನಿಜವಾಗಿಯೂ ಇದು ದೊಡ್ಡ ಕಂಪೈಲರ್‌ಗಳನ್ನು ಬರೆಯುವವರೂ ಎಡವುವ ಜಾಗ. ಈ ನಕಲುಗಳು ಒಂದರ ನಂತರ ಒಂದು ನಡೆಯುವಂಥವಲ್ಲ, ಎಲ್ಲವೂ ಏಕಕಾಲಕ್ಕೆ ನಡೆದಂತೆ ಕಾಣಬೇಕಾದವು.

ಜೊತೆಗೆ ಎರಡು ಚಿಕ್ಕ ಸಂಗತಿಗಳು. ಒಂದಕ್ಕಿಂತ ಹೆಚ್ಚು ಬೆಲೆ ಹಿಂದಿರುಗಿಸುವ ಪದಗಳಿಗೆ ಒಂದು ಸ್ಟ್ರಕ್ಟ್ (ಹಲವು ಬೆಲೆಗಳ ಕಟ್ಟು) ಮಾಡಿ ಹಿಂದಿರುಗಿಸಿ. 64 ಬಿಟ್ ಲಿನಕ್ಸ್ ಯಂತ್ರಗಳಲ್ಲಿ ಎರಡು ಪೂರ್ಣಾಂಕಗಳ ಸ್ಟ್ರಕ್ಟ್ ನೇರವಾಗಿ ಎರಡು ರಿಜಿಸ್ಟರ್‌ಗಳಲ್ಲಿ ಬರುವುದರಿಂದ ಹೆದರಬೇಕಾಗಿಲ್ಲ. ತನ್ನನ್ನು ತಾನೇ ಕರೆಯುವ ಪದಗಳಿಗೆ ಮಾತ್ರ, ಎಷ್ಟು ತೆಗೆದುಕೊಂಡು ಎಷ್ಟು ಕೊಡುತ್ತದೆಂಬ ಆವರಣದೊಳಗಿನ ಟಿಪ್ಪಣಿಯನ್ನು ಕಡ್ಡಾಯ ಮಾಡಿ, ಏಕೆಂದರೆ ಪದದ ಅರ್ಧ ದಾರಿಯಲ್ಲಿ ಅದರದೇ ಲೆಕ್ಕ ಇನ್ನೂ ಸಿದ್ಧವಾಗಿರುವುದಿಲ್ಲ.

ಸೊನ್ನೆಯಿಂದ:

ನೀವು ಪದಗಳ ಹೆಸರನ್ನು ಸಿ ಕಡತಕ್ಕೆ ಹೇಗೆ ಕಳುಹಿಸುತ್ತೀರಿ? ಜಿಸಿಸಿ ಎಂಬ ಸಿ ಕಂಪೈಲರ್ ತನ್ನ 10ನೆಯ ಆವೃತ್ತಿಯಿಂದ ಕನ್ನಡದಂಥ ಲಿಪಿಗಳ ಯುಟಿಎಫ್-8 ಹೆಸರುಗಳನ್ನು ನೇರವಾಗಿ ಒಪ್ಪುತ್ತದೆ, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ ಎನ್ನುತ್ತೇನೆ. ಕನ್ನಡದ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಣುಕುಗಳಾಗಿಯೂ ಬರೆಯಬಹುದು. ಕಣ್ಣಿಗೆ "ಕೋನ" ಎಂಬುದು ಎರಡು ಕಡೆಯೂ ಒಂದೇ, ಬೈಟ್‌ಗಳಲ್ಲಿ ಬೇರೆ ಬೇರೆ. ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಗಳು ಬೇರೆ ಇವೆ. ಓದಿದ ಕೂಡಲೇ ಎಲ್ಲವನ್ನೂ ಯೂನಿಕೋಡ್‌ನ ಒಂದೇ ನಿಯತ ರೂಪಕ್ಕೆ ತನ್ನಿ, ಸಿ ಕಡತದಲ್ಲಿ "ಪದ17" ಎಂಬಂತೆ ಬರಿಯ ಕ್ರಮಸಂಖ್ಯೆ ಬಳಸಿ, ಮೂಲ ಹೆಸರನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬಿಡಿ.

ತಲೆಕೆಳಗು:

ಹೆಸರಿನ ಮಾತು ಬಂದಿರುವುದರಿಂದ ಕೇಳುತ್ತೇನೆ, ಅಂಕಿಗಳನ್ನು ಹೇಗೆ ಕಳುಹಿಸುತ್ತೀರಿ? ಮೂಲದಲ್ಲಿದ್ದ ಅಕ್ಷರಗಳನ್ನು ಹಾಗೆಯೇ ಅಂಟಿಸುತ್ತೀರಾ?

ಹಿಮ್ಮುಖಿ:

ಹೌದು. ಪೈಥಾನ್‌ನಲ್ಲಿ ಸಂಖ್ಯೆಯೇ ಎಂದು ಪರೀಕ್ಷಿಸಿ, ಹೌದಾದರೆ ಹಾಗೆಯೇ ಅಂಟಿಸುತ್ತೇನೆ. ಏಕೆ?

ತಲೆಕೆಳಗು:

"010 ತೋರಿಸು" ಎಂದು ಬರೆದು ನೋಡಿ.

ಹಿಮ್ಮುಖಿ:

8 ಎಂದು ಬಂತು! ಸೊನ್ನೆಯಿಂದ ಶುರುವಾದರೆ ಸಿ ಅದನ್ನು ಎಂಟರ ಮೂಲದ ಸಂಖ್ಯೆಯೆಂದು ಓದುತ್ತದೆ ಎಂಬುದು ಮರೆತೇಹೋಗಿತ್ತು. ಪರೀಕ್ಷೆ ಮಾಡುವಾಗ ಕನ್ನಡ ಅಂಕಿಗಳಲ್ಲಿ ೧೦ ಎಂದೂ ಬರೆದು ನೋಡಿದೆ. ಪೈಥಾನ್ ಅದನ್ನು ಸಂತೋಷದಿಂದ 10 ಎಂದು ಒಪ್ಪಿತು, ಸಿ ಕಂಪೈಲರ್ ಬೈದು ಕಳುಹಿಸಿತು. ಇನ್ನು ಮುಂದೆ ಅಕ್ಷರಗಳನ್ನಲ್ಲ, ಪೈಥಾನ್ ಲೆಕ್ಕಹಾಕಿದ ಬೆಲೆಯನ್ನೇ ಬರೆಯುತ್ತೇನೆ.

ಅಲ್ಪವಿರಾಮ:

ಅದೇ ಕೈಯಲ್ಲಿ ಅಕ್ಷರಮಾಲೆಗಳನ್ನೂ ನೋಡಿಬಿಡಿ. ಬೈಟ್‌ಗಳನ್ನು ಹದಿನಾರರ ಮೂಲದ ಸಂಕೇತವಾಗಿ ಬರೆದರೆ, ಅದರ ಹಿಂದೆಯೇ ಹದಿನಾರರ ಅಂಕಿಯಂತೆ ಕಾಣುವ ಅಕ್ಷರವಿದ್ದಾಗ ಸಿ ಅದನ್ನೂ ನುಂಗಿಬಿಡುತ್ತದೆ, ಏಕೆಂದರೆ ಆ ಸಂಕೇತಕ್ಕೆ ಉದ್ದದ ಮಿತಿಯಿಲ್ಲ. ಎಂಟರ ಮೂಲದ ಸಂಕೇತ ಮೂರು ಅಂಕಿಗಳಿಗೆ ನಿಲ್ಲುತ್ತದೆ. ಮೇಲೆ ಬೈದ ಎಂಟರ ಮೂಲವೇ ಇಲ್ಲಿ ಕೈಹಿಡಿಯುತ್ತದೆ.

ಹಿಮ್ಮುಖಿ:

ಮೂರು ದಿನಗಳ ನಂತರ ಮರಳಿ ಬಂದಿದ್ದೇನೆ. ಸಿ ಕಡತದಲ್ಲಿ ಈಗ ಸ್ಟ್ಯಾಕ್ ಇಲ್ಲ. ಲೂಪ್‌ಗಳು ಕೈಯಿಂದ ಬರೆದ ಸಿ ಜೊತೆ ಹೆಗಲೆಣೆಯಾಗಿ ಓಡುತ್ತಿವೆ, ಕಂಪೈಲರ್ 400ರಿಂದ 650 ಸಾಲಿಗೆ ಬೆಳೆದಿದೆ. ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಇಟ್ಟೆ: ಎರಡೂ ಬೆಲೆಗಳು ಕಂಪೈಲ್ ಸಮಯದಲ್ಲೇ ತಿಳಿದ ಸಂಖ್ಯೆಗಳಾಗಿದ್ದರೆ, ಪೈಥಾನ್‌ನಲ್ಲೇ ಲೆಕ್ಕಮಾಡಿ ಉತ್ತರವನ್ನು ಮಾತ್ರ ಬರೆಯುತ್ತೇನೆ. ಈಗ ನಾಚಿಕೆಯಿಂದಲೇ ಕೇಳುತ್ತಿದ್ದೇನೆ. "-7 2 ಭಾಗಿಸು ತೋರಿಸು" ಎಂದರೆ ಮೈನಸ್ 4 ಬರುತ್ತದೆ. ಅದೇ ಮೈನಸ್ 7 ಅನ್ನು ಬಳಕೆದಾರರಿಂದ ಓದಿಕೊಂಡು 2ರಿಂದ ಭಾಗಿಸಿದರೆ ಮೈನಸ್ 3 ಬರುತ್ತದೆ. ಈ ಸಲ ಯಂತ್ರವೂ ಒಂದೇ, ಸಿ ಕಂಪೈಲರ್ ಕೂಡ ಒಂದೇ.

ಮಿತಭಾಷಿ:

ಮೈನಸ್ 3.5 ಅನ್ನು ಪೈಥಾನ್ ಕೆಳಕ್ಕೆ ಇಳಿಸುತ್ತದೆ, ಸಿ ಸೊನ್ನೆಯ ಕಡೆಗೆ ಕತ್ತರಿಸುತ್ತದೆ.

ಹಳೇ ಬೇರು:

ಈ ಜಗಳ ನಿಮ್ಮದಷ್ಟೇ ಅಲ್ಲ. ಫೋರ್ತ್-83 ಮಾನಕ ಕೆಳಕ್ಕೆ ಇಳಿಸುವ ಭಾಗಾಕಾರವನ್ನು ಕಡ್ಡಾಯ ಮಾಡಿತ್ತು. 1994ರ ಆನ್ಸಿ ಮಾನಕ ಎರಡಕ್ಕೂ ಬೇರೆ ಬೇರೆ ಪದ ಕೊಟ್ಟು, ಸಾಮಾನ್ಯ ಭಾಗಾಕಾರ ಯಾವುದೆಂಬ ಆಯ್ಕೆಯನ್ನು ಅನುಷ್ಠಾನಕ್ಕೆ ಬಿಟ್ಟಿತು.

ಕಬ್ಬಿಣದ ಕಡಲೆ:

ಹಾಗೆಯೇ ಪೈಥಾನ್ ಪೂರ್ಣಾಂಕಗಳಿಗೆ ಗಾತ್ರದ ಮಿತಿಯಿಲ್ಲ, ನಿಮ್ಮ ಸಿ ಚರಗಳಿಗೆ 64 ಬಿಟ್ ಮಿತಿಯಿದೆ, ಮತ್ತು ಚಿಹ್ನೆಯಿರುವ ಪೂರ್ಣಾಂಕ ಆ ಮಿತಿ ದಾಟಿದರೆ ಏನಾಗಬೇಕೆಂದು ಸಿ ಹೇಳುವುದಿಲ್ಲ. ಆದ್ದರಿಂದ ಪೈಥಾನ್‌ನಲ್ಲಿ ಲೆಕ್ಕಮಾಡಿದ ಪ್ರತಿಯೊಂದು ಉತ್ತರವನ್ನೂ 64 ಬಿಟ್‌ಗೆ ಸುತ್ತಿ (ಮಿತಿ ದಾಟಿದ್ದು ಇನ್ನೊಂದು ತುದಿಯಿಂದ ಮತ್ತೆ ಶುರುವಾಗುವಂತೆ ಮಾಡಿ), ಸಿ ಕಡೆಯಲ್ಲಿಯೂ ಸುತ್ತಿಕೊಳ್ಳುವಂತೆ ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ ಆಯ್ಕೆ ಕೊಡಿ. ಭಾಗಾಕಾರ ಹೇಗಿರಬೇಕೆಂಬುದನ್ನು ಮಾತ್ರ ನೀವೇ ನಿರ್ಧರಿಸಬೇಕು.

ಹಿಮ್ಮುಖಿ:

ಕೆಳಕ್ಕೆ ಇಳಿಸುವುದನ್ನೇ ಆರಿಸಿಕೊಂಡೆ, ಏಕೆಂದರೆ 2ರಿಂದ ಭಾಗಿಸಿದಾಗ ಶೇಷ ಎಂದಿಗೂ ಮೈನಸ್ 1 ಬಾರದಿರುವುದು ನನಗೆ ಹೆಚ್ಚು ಉಪಯುಕ್ತ. ಸಿ ಕಡೆಗೆ ಒಂದು ಚಿಕ್ಕ ಸಹಾಯಕ ಫಂಕ್ಷನ್ ಬರೆದೆ: ಶೇಷ ಸೊನ್ನೆಯಲ್ಲದೆ, ಶೇಷ ಮತ್ತು ಭಾಜಕಗಳ ಚಿಹ್ನೆ ಬೇರೆಯಾಗಿದ್ದರೆ ಭಾಗಲಬ್ಧದಿಂದ ಒಂದು ಕಳೆಯುತ್ತದೆ. ಈಗ ಎರಡೂ ದಾರಿಯಲ್ಲಿ ಮೈನಸ್ 4 ಬರುತ್ತಿದೆ.

ತಲೆಕೆಳಗು:

64 ಬಿಟ್‌ನ ಅತ್ಯಂತ ಕಿರಿಯ ಋಣ ಸಂಖ್ಯೆಯನ್ನು ಮೈನಸ್ 1ರಿಂದ ಭಾಗಿಸಿ ನೋಡಿದಿರಾ?

ಹಿಮ್ಮುಖಿ:

ಈಗಷ್ಟೇ ನೋಡಿದೆ. ಉತ್ತರ 64 ಬಿಟ್ ಮಿತಿ ದಾಟುವುದರಿಂದ ಪ್ರೋಗ್ರಾಮ್ ಅಲ್ಲಿಯೇ ಸತ್ತುಬಿತ್ತು. ಸಹಾಯಕ ಫಂಕ್ಷನ್‌ಗೆ ಇನ್ನೊಂದು "ಆದರೆ" ಸೇರಿಸುತ್ತಿದ್ದೇನೆ.